ಯುರೋಪಿನ ಪಾಸು, ಸವಣೂರಿನ ಬಸ್ಸು

ಟಿಕೆಟ್ಟಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವ ಗಂಡಸು ಹಾವೇರಿ ಜಿಲ್ಲೆಯಲ್ಲಿ ಇನ್ನೂ ಹುಟ್ಟಿಲ್ಲ! ಹೆಂಗಸು ಹುಟ್ಟಿದ್ದಾಳೆ, ಅವಳನ್ನೇ ನಾನು ಮದುವೆಯಾಗಿದ್ದೇನೆ ಎಂಬುದು ಮಾತ್ರ ಮೂವತ್ತೈದು ವರ್ಷ ಸಂಸಾರ ಮಾಡಿದ ಮೇಲೆ ಗೊತ್ತಾಯಿತು.

ನಾನು ಪರಮೇಶಪ್ಪ, ಹಿರೇಕೆರೂರಿನವನು. ಮೂವತ್ತಮೂರು ವರ್ಷ ಸರ್ಕಾರಿ ಬಸ್ಸಿನ ಕಂಡಕ್ಟರ್. ಗೋವಿನಜೋಳದ ಚೀಲ, ಸಂತೆಯ ಕೋಳಿ, ಆ ಕೋಳಿಯ ಮಾಲೀಕ, ಎಲ್ಲರಿಗೂ ಟಿಕೆಟ್ ಕೊಟ್ಟ ಕೈ ಇದು. ನಿವೃತ್ತಿಯಾಗಿ ಎರಡು ವರ್ಷವಾಯಿತು. ಮನೆಯಲ್ಲಿ ನನ್ನ ಮಾತು ನಡೆಯುವುದಿಲ್ಲ, ಅದನ್ನು ಮುಚ್ಚಿಡುವುದೇಕೆ? ಅಡುಗೆ, ಹೊಲ, ನೆಂಟಸ್ತನ, ಟೀವಿಯ ರಿಮೋಟು, ಎಲ್ಲವೂ ಹೆಂಡತಿ ಶಾರವ್ವನ ಖಾತೆ. ನನ್ನ ಪಾಲಿಗೆ ಉಳಿದಿದ್ದು ಒಂದೇ ಒಂದು, ಪ್ರಯಾಣ ಖಾತೆ. ಯಾವ ಬಸ್ಸು, ಯಾವ ಹೊತ್ತು, ಯಾವ ಸೀಟು ಎಂಬುದನ್ನು ನಾನು ಹೇಳಬೇಕು, ಅವಳು ಕೇಳಬೇಕು. ಆ ಒಂದು ಖಾತೆಯ ಮೇಲೇ ನನ್ನ ಮೀಸೆ ನಿಂತಿತ್ತು.

ಇಂಥ ಹೊತ್ತಿನಲ್ಲಿ ಜರ್ಮನಿಯಿಂದ ಫೋನ್ ಬಂತು! ಮಾಡಿದವಳು ತನುಜಾ. ಸವಣೂರಿನಲ್ಲಿರುವ ಶಾರವ್ವನ ಅಕ್ಕ ಸಿದ್ದವ್ವನ ಮಗಳು, ಅಲ್ಲಿ ದವಾಖಾನೆಯಲ್ಲಿ ನರ್ಸ್.

"ಕಾಕಾ, ನೀವು ಚಿಗವ್ವ ಇಬ್ಬರೂ ಏಪ್ರಿಲ್‌ದಾಗ ಬರ್ರಿ. ವಿಮಾನದ್ದು ನಾ ತಗದೇನಿ. ಜರ್ಮನಿ, ಸ್ವಿಟ್ಜರ್ಲೆಂಡ್, ಇಟಲಿ, ಫ್ರಾನ್ಸ್, ನಾಕೂ ದೇಶ ರೈಲಿನ್ಯಾಗ ಅಡ್ಡ್ಯಾಡೋಣು. ಒಂದ ಮಾತು ಹೇಳ್ರಿ. ನಿಮಗ ರೈಲ್ ಪಾಸ್ ತಗೀಲ್ಯೋ, ಊರಿಂದ ಊರಿಗೆ ಬಿಡಿ ಟಿಕೆಟ್ ತಗೀಲ್ಯೋ?"

"ಪಾಸ್!" ಎಂದೆ ನಾನು.

"ಟಿಕೆಟ್!" ಎಂದಳು ಶಾರವ್ವ.

ಇಬ್ಬರ ಬಾಯಿಂದಲೂ ಒಂದೇ ಗಳಿಗೆಗೆ ಬಂತು. ಆ ಕಡೆ ತನುಜಾ ನಕ್ಕಳು. ಪಾಪ, ಅವಳಿಗೇನು ಗೊತ್ತು, ಅವಳು ಕೇಳಿದ್ದು ಪ್ರಶ್ನೆಯಲ್ಲ, ಹೊತ್ತಿಸಿದ್ದು ಒಲೆ!

"ಜಗಳಾಡಬ್ಯಾಡ್ರಿ. ಎರಡರಾಗೂ ಛಲೋದೂ ಐತಿ, ಕೆಟ್ಟದ್ದೂ ಐತಿ. ಪಾಸ್ ಇದ್ರ ಒಂದು ತಿಂಗಳೊಳಗ ನಿಮಗ ಬೇಕಾದ ಏಳು ದಿನ ಬೇಕಾದ ಗಾಡಿ ಹತ್ತಬಹುದು. ಆದ್ರ ಇಟಲಿ, ಫ್ರಾನ್ಸಿನ ಜೋರು ಗಾಡಿಗೆ ಸೀಟು ಬ್ಯಾರೆ ಕಾಯ್ದಿರಿಸಬೇಕು. ಬಿಡಿ ಟಿಕೆಟ್ ಈಗ ತಗದ್ರ ಸೋವಿ. ಆದ್ರ ಅದ ಗಾಡಿಗೇ ಹೋಗಬೇಕು, ತಪ್ಪಿದ್ರ ಹೋತು. ಮತ್ತ ಕಾಕಾ, ಪಾಸಿದ್ರ ದಿನಾ ಗಾಡಿ ಹತ್ತೂಕಿಂತ ಮೊದ್ಲ ಅದರಾಗ ಆ ದಿನದ ತಾರೀಖು ಹಾಕಬೇಕು. ಮರೆತ್ರ ಟಿಕೆಟ್ ಇಲ್ದವರ ಲೆಕ್ಕ, ದಂಡ ಹಾಕ್ತಾರ."

"ಏ ತಂಗಿ, ಮೀನಿನ ಮರಿಗೆ ಈಜು ಕಲಸ್ತೀಯೇನ? ಮೂವತ್ತಮೂರು ವರ್ಷ ಮಂದೀ ಪಾಸಿನ ತಾರೀಖು ನೋಡಿದಾಂವ ನಾ!"

"ಹಂಗಾರ ರವಿವಾರದೊಳಗ ಇಬ್ಬರೂ ಕೂಡಿ ಒಂದು ಹೇಳ್ರಿ" ಎಂದು ಫೋನ್ ಇಟ್ಟಳು.

ಪಾಸಿನ ಮೇಲೆ ನನಗೇಕೆ ಇಷ್ಟು ವ್ಯಾಮೋಹ ಎಂದು ನೀವು ಕೇಳಬಹುದು. ಹೇಳುತ್ತೇನೆ, ನಗಬೇಡಿ. ಕಂಡಕ್ಟರ್ ಆದವನಿಗೆ ಪಾಸಿನವರೆಂದರೆ ಹೊಟ್ಟೆಕಿಚ್ಚು. ಬಸ್ಸಿನಲ್ಲಿ ಮಂದಿ ಕಿಕ್ಕಿರಿದಿರುತ್ತಾರೆ, ನಾನು ಬೆವರು ಒರೆಸಿಕೊಳ್ಳುತ್ತ ಎಲ್ಲರ ಕಾಲು ತುಳಿಯುತ್ತ ಹೋಗಿ "ಟಿಕೆಟ್, ಟಿಕೆಟ್" ಎನ್ನುತ್ತೇನೆ. ಪಾಸಿನ ಮಹಾಶಯ ನನ್ನ ಮುಖವನ್ನೂ ನೋಡುವುದಿಲ್ಲ. ಕಿಟಕಿಯ ಆಚೆ ನೋಡುತ್ತಲೇ "ಪಾಸ್" ಎನ್ನುತ್ತಾನೆ. ಒಂದೇ ಶಬ್ದ! ನಾನು ಸುಮ್ಮನೆ ಮುಂದೆ ಹೋಗಬೇಕು. ನಾನೂ ಒಂದು ದಿನ ಯಾರಾದರೂ ಕಂಡಕ್ಟರನ ಮುಂದೆ, ಅದೂ ಯುರೋಪಿನ ಕೋಟು ತೊಟ್ಟ ಕಂಡಕ್ಟರನ ಮುಂದೆ, ಹಾಗೆ ಕುಳಿತು, ಹಿಮದ ಗುಡ್ಡ ನೋಡುತ್ತ "ಪಾಸ್" ಎನ್ನಬೇಕು. ಇದು ನನ್ನ ಜೀವಮಾನದ ಆಸೆ.

ಶಾರವ್ವನಿಗೆ ಇದು ಅರ್ಥವಾಗಬೇಕಲ್ಲ! ಅವಳ ತವರು ಯಲವಿಗಿ. ರೈಲ್ವೆ ಸ್ಟೇಷನ್ನಿನ ಎದುರಿಗೇ ಮನೆ. ಗಾಡಿಯ ಸಪ್ಪಳ ಕೇಳಿ ಹಾಲು ಕಾಸಿದವರ ಪೈಕಿ.

"ರೈಲು ಅಂದ್ರ ಹೊತ್ತಿಗೆ ಬರ್ತೈತಿ, ಹೊತ್ತಿಗೆ ಹೊಕ್ಕೈತಿ. ಮನಿಷ್ಯಾನೂ ಹಂಗ ಇರಬೇಕು" ಎಂದಳು. "ನಿಮ್ಮ ಕೈಯಾಗ ಪಾಸ್ ಕೊಟ್ರ ಮುಗೀತು. ಕಂಡ ಕಂಡ ಊರಾಗ ಇಳೀತೀರಿ. ನಾ ಆ ಪರದೇಶದಾಗ ನಿಮ್ಮನ್ನ ಎಲ್ಲೆಲ್ಲಿ ಹುಡಕ್ಲಿ?"

"ಪ್ರಯಾಣ ನನ್ನ ಖಾತೆ!"

"ಬಸ್ಸು ನಿಮ್ಮ ಖಾತೆ. ರೈಲು ನಂದು."

ನೋಡಿ, ಇದ್ದ ಒಂದು ಖಾತೆಯನ್ನೂ ಹೋಳು ಮಾಡಿದಳು! ನನಗೆ ರೋಷ ಉಕ್ಕಿತು. ಆ ರೋಷದಲ್ಲೇ ನನ್ನ ಬಾಯಿಂದ ಒಂದು ಮಹಾ ಯೋಜನೆ ಹೊರಬಿತ್ತು. ಯುರೋಪಿಗೆ ಹೋಗುವ ಮೊದಲು ಇಲ್ಲೇ ಪರೀಕ್ಷೆ ನಡೆಯಲಿ! ಹಿರೇಕೆರೂರು ಜರ್ಮನಿ. ಹಾನಗಲ್ಲ ಸ್ವಿಟ್ಜರ್ಲೆಂಡು, ಅಲ್ಲಿ ಕೆರೆ ಇದೆ. ಸವಣೂರು ಫ್ರಾನ್ಸು, ನವಾಬರು ಆಳಿದ ಊರು, ಖಾರಾ ತಿಂದು ಎಲೆ ಹಾಕಿಕೊಳ್ಳುವ ಗತ್ತು ಅಲ್ಲಿದೆ. ಉಳಿದದ್ದು ಇಟಲಿ, ಅದನ್ನು ಶಿಗ್ಗಾವಿಗೆ ಕೊಟ್ಟೆ. ಇಬ್ಬರೂ ಶನಿವಾರ ಹೊರಟು ನಾಲ್ಕೂ ದೇಶ ಮುಗಿಸಿ ಸಿದ್ದವ್ವನ ಮನೆ ಮುಟ್ಟಬೇಕು. ನನಗೆ ಪಾಸು, ಅವಳಿಗೆ ಬಿಡಿ ಟಿಕೆಟ್. ಮೊದಲು ಮುಟ್ಟಿದವರ ಮಾತೇ ಮಾತು. ಸೋತವರು ಯುರೋಪಿನಿಂದ ತಿರುಗಿ ಬರುವವರೆಗೆ ಪ್ರಯಾಣದ ವಿಷಯದಲ್ಲಿ ಬಾಯಿ ತೆರೆಯಬಾರದು!

ದುಡ್ಡಿನ ಮಾತು ಬರಲಿಲ್ಲ. ಹೆಂಗಸರಿಗೆ ಸರ್ಕಾರಿ ಬಸ್ಸು ಪುಕ್ಕಟೆ, ಸೊನ್ನೆ ಅಚ್ಚಾದ ಟಿಕೆಟ್ ಕೊಡುತ್ತಾರೆ. ನನ್ನ ಹತ್ತಿರ ನಿವೃತ್ತರಿಗೆಂದು ಕೊಟ್ಟ ಪಾಸಿನ ಪುಸ್ತಕ ಇತ್ತು, ದಿನಕ್ಕೊಂದು ಹಾಳೆ. ಎರಡು ವರ್ಷದಿಂದ ಟ್ರಂಕಿನಲ್ಲಿಟ್ಟು ಪೂಜೆ ಮಾಡಿದ್ದೆನೇ ಹೊರತು ಬಳಸಿರಲಿಲ್ಲ.

"ಆದ್ರ ನಿನಗ ಒಂದು ಕರಾರು" ಎಂದೆ. "ಯುರೋಪಿನ ಸೋವಿ ಟಿಕೆಟ್ ಇದ್ದಂಗ. ಯಾವ ಬಸ್ಸು ಅಂತ ಇವತ್ತ ಬರೆದಿಡಬೇಕು. ಅದು ತಪ್ಪಿದ್ರ ನೀ ಸೋತಿ!"

ಶಾರವ್ವ ಕ್ಯಾಲೆಂಡರಿನ ಹಾಳೆಯ ಬೆನ್ನಿಗೆ ಬರೆದಳು: ಏಳಕ್ಕೆ ಹಾನಗಲ್ಲಿನ ಬಸ್ಸು, ಹತ್ತೂವರೆಗೆ ಶಿಗ್ಗಾವಿಯದು, ಒಂದೂವರೆಗೆ ಸವಣೂರಿನದು. ಮೂರೇ ಸಾಲು. ನಾನು ಕೂಗಿ ನಕ್ಕೆ.

ಶನಿವಾರ ಬೆಳಿಗ್ಗೆ ಆರೂವರೆಗೇ ತಿಳವಳ್ಳಿಯ ಮೇಲೆ ಹಾಯ್ದು ಹಾನಗಲ್ಲಿಗೆ ಹೋಗುವ ಒಂದು ಬಸ್ಸು ಬಂದು ನಿಂತಿತು. ನಾನು ಹಾರಿ ಹತ್ತಿದೆ. "ಶಾರವ್ವಾ, ಬಂದದ್ದ ನನ್ನ ಗಾಡಿ! ನಿನ್ನಂಗ ಕಾಯಂಗಿಲ್ಲ!"

"ಹೋಗ್ಬರ್ರಿ. ನಂದು ಏಳಕ್ಕ ಐತಿ" ಎಂದು ಅವಳು ರೊಟ್ಟಿಯ ಗಂಟು ಬಿಗಿಯುತ್ತ ಕುಳಿತಳು.

ಬಸ್ಸಿನಲ್ಲಿ ಕಿಟಕಿಯ ಸೀಟೇ ಸಿಕ್ಕಿತು. ಕಂಡಕ್ಟರ್ ಬಂದ. ನಾನು ಹೊಲ ನೋಡುತ್ತ, ಮುಖ ತಿರುಗಿಸದೆ, ಮೂವತ್ತಮೂರು ವರ್ಷದ ಆಸೆಯನ್ನೆಲ್ಲ ಒಂದು ಶಬ್ದಕ್ಕೆ ತುಂಬಿ ಹೇಳಿದೆ: "ಪಾಸ್!" ಅವನು ಸುಮ್ಮನೆ ಮುಂದೆ ಹೋದ. ಆಹಾ! ಪಾಸನ್ನು ತೆರೆದು ತೋರಿಸುವ ಪ್ರಸಂಗವೇ ಬರಲಿಲ್ಲ. ಆ ಸುಖವನ್ನು ನಾನು ಹೇಗೆ ಬಣ್ಣಿಸಲಿ!

ಹಾನಗಲ್ಲಿಗೆ ಶಾರವ್ವನಿಗಿಂತ ಅರ್ಧ ತಾಸು ಮುಂಚೆ ಮುಟ್ಟಿದೆ. ಚಹಾ ಕುಡಿದೆ. ಕೆರೆಯ ಕಡೆ ಹೋಗಿ ಸ್ವಿಟ್ಜರ್ಲೆಂಡ್ ನೋಡಿಬಂದೆ. ಶಿಗ್ಗಾವಿಯ ಬಸ್ಸು ಎದುರಿಗೇ ನಿಂತಿತ್ತು, ಹತ್ತಿದ್ದರೆ ಈ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅದರ ಪಕ್ಕದಲ್ಲಿ ಮುಂಡಗೋಡದ ಬಸ್ಸೂ ನಿಂತಿತ್ತು! ಪಾಸು ಕಿಸೆಯಲ್ಲಿದ್ದರೆ ಮನುಷ್ಯನ ಬುದ್ಧಿ ಕಾಲಿಗೆ ಇಳಿಯುತ್ತದೆ. ನೆಟ್ಟಗೆ ಹೋದರೆ ಪಾಸಿಗೆ ಅವಮಾನ ಮಾಡಿದಂತಲ್ಲವೇ? ಮುಂಡಗೋಡಕ್ಕೆ ಹೋಗಿ, ಅಲ್ಲಿಂದ ತಡಸಕ್ಕೆ ಹೋಗಿ, ಅಲ್ಲಿ ಗಿರಮಿಟ್ಟು ಮಿರ್ಚಿ ತಿಂದು, ಹಿಂದಿನ ಬಾಗಿಲಿನಿಂದ ಇಟಲಿ ಹೊಕ್ಕರಾಯಿತು! ಹೊರಟೇಬಿಟ್ಟೆ.

ಮಿರ್ಚಿ ಚೆನ್ನಾಗಿತ್ತು. ಅದರಲ್ಲಿ ಎರಡು ಮಾತಿಲ್ಲ. ಆದರೆ ತಡಸದ ಕ್ರಾಸಿನಲ್ಲಿ ಶಿಗ್ಗಾವಿಯ ಕಡೆಗೆ ಹೋಗುವ ಬಸ್ಸುಗಳು ನನ್ನನ್ನು ನೋಡಿಯೂ ನೋಡದಂತೆ ಹೋದವು. ಒಂದು, ಎರಡು, ಮೂರು. ಪಾಸನ್ನು ಮೇಲೆತ್ತಿ ತೋರಿಸಿದೆ. ಡ್ರೈವರ್‌ಗಳು ಕೈ ಬೀಸಿ ನಮಸ್ಕಾರ ಮಾಡಿದರು! ಕೊನೆಗೆ ಒಂದು ಬಸ್ಸು ನಿಂತಿತು. ಅದರಲ್ಲಿ ಒಂಟಿ ಕಾಲಿನ ಮೇಲೆ ನಿಂತು ಶಿಗ್ಗಾವಿ ತಲುಪಿದಾಗ ಒಂದು ಇಪ್ಪತ್ತೈದು.

ಸವಣೂರಿನ ಬಸ್ಸು ಹೊರಡಲು ಸಿದ್ಧವಾಗಿತ್ತು. ಬಾಗಿಲು ಆಗಷ್ಟೇ ತೆರೆದಿತ್ತು, ಹತ್ತಿದವರು ಒಬ್ಬರೇ, ಉಳಿದವರೆಲ್ಲ ಮೆಟ್ಟಿಲಿಗೆ ಮುತ್ತಿದ್ದರು. ಮುಂದಿನಿಂದ ಮೂರನೆಯ ಕಿಟಕಿಯಲ್ಲಿ ಶಾರವ್ವ! ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ರಾಣಿಯಂತೆ ಕುಳಿತಿದ್ದಾಳೆ, ಕೈಯಲ್ಲಿ ಆಗಲೇ ಟಿಕೆಟ್.

"ಎಲ್ಲಿದ್ರಿ?" ಎಂದಳು.

"ಯುರೋಪ್ ನೋಡಾಕತ್ತಿದ್ದೆ!"

"ಮೀಸಿಗೆ ಮಿರ್ಚಿ ಹತ್ತೇತಿ, ಒರಸ್ಕೋರಿ."

ನಾನು ಮೀಸೆ ಒರೆಸಿಕೊಂಡು, ನುಗ್ಗಿ ಹತ್ತಿ, ಬಾಗಿಲಿನ ಹತ್ತಿರ ಕಂಬ ಹಿಡಿದು ನಿಂತೆ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಬಾಗಿಲಿನ ಜಾಗ ಸಿಕ್ಕಿದ್ದೇ ತಡ, ನನಗೆ ನಿವೃತ್ತಿಯಾದದ್ದೇ ಮರೆತುಹೋಯಿತು. ಹತ್ತುವವರಿಗೆಲ್ಲ "ಎಲ್ಲಿಗೆ? ಒಳಗ ಸರೀರಿ! ಎಲ್ಲಿಗೆ? ಚೀಲ ಕೆಳಗ ಇಡ್ರಿ!" ಎಂದು ಕೇಳತೊಡಗಿದೆ. ಅವರೂ ವಿಧೇಯರಾಗಿ ಊರು ಹೇಳಿ ಒಳಗೆ ಹೋದರು. ಕೊನೆಯ ಅಜ್ಜಿಯನ್ನು ರಟ್ಟೆ ಹಿಡಿದು ಮೇಲೆ ಹತ್ತಿಸಿದೆ. ಮೆಟ್ಟಿಲು ಖಾಲಿ, ಬಾಗಿಲು ಭದ್ರ. ನನ್ನ ಕೀಲಿಕೈ ಗೊಂಚಲಿನಲ್ಲಿ ಹಳೆಯ ಸೀಟಿ ಈಗಲೂ ಇದೆ. ಕೈ ತಾನೇ ಕಿಸೆಗೆ ಹೋಯಿತು, ಸೀಟಿ ತಾನೇ ಬಾಯಿಗೆ ಬಂತು. ಪೀಂ, ಪೀಂ!

"ರೈಟ್! ರೈಟ್!"

ಬಸ್ಸು ಹೊರಟಿತು. ಎದೆಗೆ ತಂಪುಗಾಳಿ ಬಡಿಯಿತು. ಎರಡು ವರ್ಷದಲ್ಲಿ ಇಂಥ ಆನಂದ ನಾನು ಕಂಡಿರಲಿಲ್ಲ!

ನಾಲ್ಕು ಕಿಲೋಮೀಟರ್ ಹೋಗಿರಬಹುದು. ನಾನು ಹತ್ತಿಸಿದ ಅಜ್ಜಿ, ಕೈಯ ಕಾರ್ಡಿನಲ್ಲಿ ಹುಚ್ಚವ್ವ ಎಂದು ಹೆಸರಿತ್ತು, ನನ್ನ ಅಂಗಿ ಜಗ್ಗಿದಳು.

"ಯಪ್ಪಾ, ಆಧಾರ್ ಕಾರ್ಡು ಹಿಡಕೊಂಡು ಕೈ ನೋಯಾಕತ್ತೇತಿ. ಟಿಕೆಟ್ ಯಾವಾಗ ಕೊಡ್ತಿ?"

"ನನ್ನ ಕೇಳ್ಬ್ಯಾಡವ್ವ. ಕಂಡಕ್ಟರಗ ಕೇಳು."

"ಮತ್ತ ಕಂಡಕ್ಟರ್ ಎಲ್ಲೆದಾನ?"

ನಾನು ಮುಂದೆ ನೋಡಿದೆ. ಹಿಂದೆ ನೋಡಿದೆ. ಕಂಡಕ್ಟರ್ ಶಿಗ್ಗಾವಿಯಲ್ಲಿದ್ದ! ಬಸ್ಸು ಹೊರಡುವ ಹೊತ್ತಿನ ಎಂಟ್ರಿ ಹಾಕಿಸಲು ನಿಲ್ದಾಣದ ಕಂಟ್ರೋಲರ್ ಕೋಣೆಗೆ ಹೋಗಿದ್ದವನನ್ನು ಅಲ್ಲೇ ಬಿಟ್ಟು, ಅವನ ಬಸ್ಸಿಗೆ ನಾನು ರೈಟ್ ಹೇಳಿಬಿಟ್ಟಿದ್ದೆ!

ಕಂಡಕ್ಟರ್ ಇಲ್ಲವೆಂಬ ಗದ್ದಲ ಕೇಳಿ ಡ್ರೈವರ್ ಗಾಡಿಯನ್ನು ಬದಿಗೆ ನಿಲ್ಲಿಸಿ ಫೋನ್ ನೋಡಿದ. ಹನ್ನೊಂದು ಮಿಸ್ಡ್ ಕಾಲ್. ಕಂಡಕ್ಟರ್ ಫಕ್ಕೀರೇಶ ಯಾರದೋ ಬೈಕ್ ಹತ್ತಿ ಬೆನ್ನಟ್ಟಿ ಬರುತ್ತಿದ್ದನಂತೆ.

"ಸೀಟಿ ಹೊಡೆದಾಂವ ಯಾಂವ?" ಎಂದು ಡ್ರೈವರ್ ಗುಡುಗಿದ.

ಬಸ್ಸಿನಲ್ಲಿದ್ದವರೆಲ್ಲ ನನ್ನ ಕಡೆ ಬೆರಳು ಮಾಡಿದರು. ಮೂರನೆಯ ಕಿಟಕಿಯ ಬೆರಳೂ ಅವುಗಳಲ್ಲಿ ಒಂದು.

ಕೆಟ್ಟ ಕಾಲ ಒಂಟಿಯಾಗಿ ಬರುವುದಿಲ್ಲ. ಹಿಂದಿನಿಂದ ಬಂದು ನಿಂತದ್ದು ಬೈಕ್ ಅಲ್ಲ, ತಪಾಸಣೆಯ ಜೀಪು! ಇಳಿದವನು ಇನ್‌ಸ್ಪೆಕ್ಟರ್ ಸಂಜಯ. ಹದಿನೈದು ವರ್ಷದ ಹಿಂದೆ ಹೊಸದಾಗಿ ಕೆಲಸಕ್ಕೆ ಸೇರಿದಾಗ ನನ್ನ ಬಸ್ಸಿನಲ್ಲೇ ಪಾಠ ಕಲಿತವನು.

"ಗುರುಗಳ! ನೀವಿಲ್ಲೇನ್ ಮಾಡಾಕತ್ತೀರಿ?" ಎಂದವನು ಒಳಗೆ ಹತ್ತಿ ಎಣಿಸಿದ. ನನ್ನನ್ನು ಬಿಟ್ಟು ಐವತ್ತೆರಡು ಮಂದಿ. ಟಿಕೆಟ್ ಇದ್ದದ್ದು ಒಬ್ಬರ ಹತ್ತಿರ. ಯಾರೆಂದು ಬೇರೆ ಹೇಳಬೇಕೇ? "ಮೊದ್ಲ ಟಿಕೆಟ್, ಆಮ್ಯಾಲೆ ನಿನ್ನ ಎಂಟ್ರಿ" ಎಂದು ಫಕ್ಕೀರೇಶನನ್ನು ತಡೆದು ಇಸಿದುಕೊಂಡವಳು ಶಾರವ್ವ!

ಅಷ್ಟರಲ್ಲಿ ಹಸನಸಾಬ ಎಂಬ ಪುಣ್ಯಾತ್ಮನ ಬೈಕಿನ ಹಿಂದೆ, ಟಿಕೆಟ್ ಮಷೀನನ್ನು ಕೂಸಿನಂತೆ ಅವುಚಿಕೊಂಡು ಫಕ್ಕೀರೇಶ ಬಂದ. ಮುಖದಲ್ಲಿ ರಕ್ತವಿಲ್ಲ.

"ಸಾಹೇಬ್ರ, ಮೆಮೊ ಬರೀಬ್ಯಾಡ್ರಿ. ನೌಕರಿ ಕಾಯಂ ಆಗಿ ನಾಕು ತಿಂಗಳಾಗಿಲ್ರಿ. ಮನ್ಯಾಗ ಸಣ್ಣ ಕೂಸೈತ್ರಿ."

ಆಗ ನನ್ನ ಗತ್ತು ಇಳಿಯಿತು. ಪಾಸು, ಟಿಕೆಟ್ಟು, ಗೆಲುವು, ಎಲ್ಲ ಮರೆತೆ. ನನ್ನ ಒಂದು ಸೀಟಿಗೆ ಒಬ್ಬನ ಅನ್ನ ಹೋಗುವುದಿತ್ತು.

"ಸಂಜಯ, ತಪ್ಪು ನಂದು" ಎಂದೆ. "ಬರಿಯೋದಿದ್ರ ನನ್ನ ಹೆಸರು ಬರಿ."

"ನಿಮ್ಮ ಹೆಸರು ಬರ್ಯಾಕ ನೀವೀಗ ನೌಕರಿಯಾಗ ಇಲ್ಲಲ್ರಿ!" ಅವನು ಗಡಿಯಾರ ನೋಡಿದ. "ಯಾರೂ ಇಳಿದಿಲ್ಲ, ಗಾಡಿ ನಿಂತೈತಿ. ಹತ್ತು ನಿಮಿಷ ಕೊಡ್ತೇನಿ. ಅಷ್ಟರಾಗ ಎಲ್ಲಾರ ಕೈಯಾಗ ಟಿಕೆಟ್ ಇದ್ರ ನಾ ಏನೂ ಬರಿಯಂಗಿಲ್ಲ."

ಹತ್ತು ನಿಮಿಷ! ತುಂಬಿದ ಬಸ್ಸು! ಫಕ್ಕೀರೇಶ ಗಾಬರಿಯಲ್ಲಿ ತಪ್ಪು ಬಟನ್ ಒತ್ತತೊಡಗಿದ. ನಾನು ಅವನ ಹೆಗಲ ಮೇಲೆ ಕೈ ಇಟ್ಟೆ. "ತಮ್ಮಾ, ನೀ ಯಾರ್ನೂ ಏನೂ ಕೇಳಬ್ಯಾಡ. ನಾ ಹೇಳಿದಂಗ ಬಟನ್ ಒತ್ತು."

ಮಹಾಜನಗಳೇ, ಆಗ ನಡೆದದ್ದನ್ನು ನೀವು ನೋಡಬೇಕಿತ್ತು! ಬಾಗಿಲಿನಲ್ಲಿ ನಿಂತು ಪ್ರತಿಯೊಬ್ಬರನ್ನೂ "ಎಲ್ಲಿಗೆ" ಎಂದು ಕೇಳಿದ್ದೆನಲ್ಲ, ಎಲ್ಲವೂ ತಲೆಯಲ್ಲಿ ಸಾಲಾಗಿ ನಿಂತಿತ್ತು.

"ಮೊದಲ ಸೀಟು ತಾಯಿ ಮಗಳು, ಎರಡು ಸವಣೂರು, ಸೊನ್ನೆ! ಖಾಲಿ ಎಲೆಬುಟ್ಟಿಯವರು ಮೂರು ಸವಣೂರು, ಪೂರಾ! ಕೆಂಪು ಟವೆಲ್ಲು, ಮುಂದಿನ ಕ್ರಾಸು, ಒಂದು! ಅವನ ಬಾಜೂಕ ನಿದ್ದಿ ಹೊಡ್ಯಾಕತ್ತಾನಲ್ಲ, ಅವನೂ ಕ್ರಾಸು, ಎಬ್ಬಸಬ್ಯಾಡ! ಹುಚ್ಚವ್ವ, ಸವಣೂರು, ಸೊನ್ನೆ, ಮೊದ್ಲ ಆಕೀಗೆ ಕೊಡು, ಕೈ ನೋಯಾಕತ್ತೇತಿ!"

ಮಷೀನು ಕರಕರ ಎಂದು ಟಿಕೆಟ್ ಉಗುಳಿತು. ಬಸ್ಸಿಗೆ ಬಸ್ಸೇ ಸೇರಿಕೊಂಡಿತು. ಮುಂದಿನವರು ಟಿಕೆಟ್ ಹಿಂದಕ್ಕೆ ದಾಟಿಸಿದರು, ಹಿಂದಿನವರು ಚಿಲ್ಲರೆ ಮುಂದಕ್ಕೆ ದಾಟಿಸಿದರು. ಒಂದೂ ತಪ್ಪಲಿಲ್ಲ! ಏಳನೇ ನಿಮಿಷಕ್ಕೆ ಐವತ್ತೆರಡೂ ಕೈಗಳಲ್ಲಿ ಟಿಕೆಟ್! ಸಂಜಯ ಒಂದೊಂದನ್ನೇ ನೋಡಿ ಪೆನ್ನಿನ ಟೊಪ್ಪಿಗೆ ಮುಚ್ಚಿದ. ಬಸ್ಸು ಚಪ್ಪಾಳೆಯಿಂದ ಅದುರಿತು. ಫಕ್ಕೀರೇಶ ನನ್ನ ಕಾಲು ಮುಟ್ಟಲು ಬಂದ. ಮೂರನೆಯ ಕಿಟಕಿಯಲ್ಲಿದ್ದವಳು ಚಪ್ಪಾಳೆ ತಟ್ಟುತ್ತ ಕಣ್ಣು ಒರೆಸಿಕೊಂಡದ್ದನ್ನೂ ನಾನು ನೋಡಿದೆ. ಈ ಜನ್ಮಕ್ಕೆ ಇಷ್ಟು ಸಾಕು ಎನಿಸಿತು.

ಸಾಕಾಗಲಿಲ್ಲ. ಸಂಜಯ ನನ್ನೆದುರು ನಿಂತು ಕೈಮುಗಿದ.

"ಗುರುಗಳ, ನಿಮ್ದೊಂದು ಉಳೀತ್ರಿ."

ಓಹೋ, ಅದಕ್ಕೇನಂತೆ! ನಾನು ಕಿಟಕಿಯಾಚೆ ಮುಖ ತಿರುಗಿಸಿದೆ. ಎದೆ ಉಬ್ಬಿಸಿದೆ. "ಪಾಸ್!"

"ತೋರಸ್ರಿ."

ಕೊಟ್ಟೆ. ಅವನು ಪುಸ್ತಕದ ಹಾಳೆ ತಿರುವಿದ. ಮತ್ತೆ ತಿರುವಿದ. ಅವನ ಮುಖ ಸಣ್ಣದಾಯಿತು.

"ಗುರುಗಳ... ತಾರೀಖು ಹಾಕಿಲ್ರಿ."

ಇಣುಕಿ ನೋಡಿದೆ. ತಾರೀಖಿನ ಮನೆ ಬೋಳು ತಲೆಯ ಹಾಗೆ ಬೆಳ್ಳಗಿತ್ತು. ಹತ್ತುವ ಮೊದಲೇ ಬರೆಯಬೇಕು, ಇಲ್ಲವಾದರೆ ಟಿಕೆಟ್ ಇಲ್ಲದವನ ಲೆಕ್ಕ. ಈ ನಿಯಮ ಹೇಳಿ ನಾನು ಎಷ್ಟು ಜನರನ್ನು ನಡುದಾರಿಯಲ್ಲಿ ಇಳಿಸಿದ್ದೆನೋ!

"ಬಿಡೋ ಸಂಜಯ, ಈಗ ಬರೀತೇನಿ. ಪೆನ್ ಕೊಡು."

"ಹೆಂಗ್ ಬಿಡ್ಲಿರಿ?" ಅವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. "ಅಪ್ಪ ಬಂದ್ರೂ ಬಿಡಬ್ಯಾಡ ಅಂತ ಕಲಿಸಿದವ್ರ ನೀವು."

ಬಸ್ಸಿನಲ್ಲಿ ಐವತ್ತಮೂರು ಜನ. ಟಿಕೆಟ್ ಇಲ್ಲದೆ ಸಿಕ್ಕಿಬಿದ್ದವನು ಒಬ್ಬನೇ, ಮೂವತ್ತಮೂರು ವರ್ಷದ ಕಂಡಕ್ಟರ್! ಕಿಸೆ ತಡಕಿದೆ. ಇದ್ದದ್ದೆಲ್ಲ ತಡಸದ ಮಿರ್ಚಿಗೆ ಹೋಗಿತ್ತು. ಶಾರವ್ವ ಎದ್ದು ಬಂದು, ಸೊಂಟದ ಚೀಲ ಬಿಚ್ಚಿ, ದಂಡ ಕಟ್ಟಿ, ರಸೀದಿಯನ್ನು ನನ್ನ ಕಿಸೆಗೆ ತುರುಕಿದಳು.

ಆದರೂ ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! ಸವಣೂರು ಬಂತು. ಬಾಗಿಲಲ್ಲಿದ್ದವನು ನಾನು, ಮೊದಲು ಇಳಿದವನು ನಾನು, ಓಡಿ ಸಿದ್ದವ್ವನ ಹೊಸ್ತಿಲು ಮೊದಲು ತುಳಿದವನೂ ನಾನೇ! "ಸಿದ್ದವ್ವಾ, ಪಾಸ್ ಗೆದ್ದೈತಿ!" ಎಂದು ಕೂಗಿದೆ.

ಸಿದ್ದವ್ವ ಹೋದ ವರ್ಷವೇ ಜರ್ಮನಿ ನೋಡಿ ಬಂದವಳು, ಯಾವುದಕ್ಕೂ ಗಾಬರಿಯಾಗುವವಳಲ್ಲ. ಹಿಂದೆ ಬಂದ ತಂಗಿಯಿಂದ ಕಥೆಯನ್ನೆಲ್ಲ ಕೇಳಿ, ನಮ್ಮಿಬ್ಬರ ಮುಂದೆ ಕೈ ಚಾಚಿದಳು.

"ಚೀಟಿ ತೋರಸ್ರಿ ಇಬ್ಬರೂ."

ಶಾರವ್ವ ಮೂರು ಸೊನ್ನೆ ಟಿಕೆಟ್ ಇಟ್ಟಳು. ನನ್ನ ಕೈಯಲ್ಲಿದ್ದದ್ದು ದಂಡದ ರಸೀದಿ. ಸಿದ್ದವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ನೀವೂ ಬಿಡಿ ಟಿಕೆಟ್ ತಗೊಂಡ ಬಂದೀರಲ್ರಿ, ಪರಮೇಶಪ್ಪನವರ. ಎಲ್ಲಾರಕಿಂತಾ ತುಟ್ಟೀದು."

ತೀರ್ಪು ಮುಗಿಯಿತು. ಶಾರವ್ವ ತನುಜಾಳಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು. ಕರಾರಿನ ಪ್ರಕಾರ ನನ್ನ ಬಾಯಿ ಮುಚ್ಚಿತ್ತು, ಖಾರಾ ಕೊಟ್ಟು ಮುಚ್ಚಿಸಿದ್ದರು.

"ತನುಜಾ, ಬಿಡಿ ಟಿಕೆಟ್ಟ ತಗಿಯವ್ವ. ಹೊತ್ತು, ಗಾಡಿ ಎಲ್ಲಾ ನಾ ಬರದ ಕೊಡ್ತೇನಿ."

"ಆತು ಚಿಗವ್ವ. ಸೀಟು ಎಂಥಾವು ಬೇಕು? ನಿಮಗ ಕಿಟಕಿ ಹಿಡೀಲಿ?"

"ನನಗ ಕಿಟಕಿ ಹಿಡಿ. ನಿಮ್ಮ ಕಾಕಾಗ ಯಾವುದಾದ್ರೂ ಹಿಡಿ, ಬಾಗಿಲದಿಂದ ದೂರ ಇರಲಿ. ಅಲ್ಲಿ ರೈಟ್ ಅಂದು ರೈಲು ಬಿಡಿಸಿಬಿಟ್ರ, ನಮ್ಮ ಹಸನಸಾಬ ಬೈಕ್ ತಗೊಂಡು ಫ್ರಾನ್ಸಿನತನಾ ಬರಬೇಕಾಕ್ಕೈತಿ!"